ಅಮ್ಮನಿಗೆ ಗೊತ್ತಿತ್ತು

ಒಬ್ಬ ಹುಡುಗ ಕಸದ ತೊಟ್ಟಿಗೆ ಕೈ ಹಾಕಿ ಖಾಲಿ ಗಾಜಿನ ಬಾಟಲಿ ಹುಡುಕ್ತಾ ಇದ್ದಾನೆ. ಹುಡುಕ್ತಿರೋದು ಉಪ್ಪಿನಕಾಯಿ ಬಾಟಲಿ. ಷ್ಪ್ರೇವಾಲ್ಡ್ ಅನ್ನೋ ಕಡೆಯ ಸೌತೆಕಾಯಿಯ ಉಪ್ಪಿನಕಾಯಿ ಅಮ್ಮನಿಗೆ ಇಷ್ಟ. ಆದರೆ ಅಂಗಡೀಲಿ ಈಗ ಅದು ಸಿಗ್ತಾ ಇಲ್ಲ, ಹಾಲೆಂಡಿನಿಂದ ಬಂದದ್ದು ಮಾತ್ರ ಇದೆ. ಹಾಗಾಗಿ ಹಳೇ ಬಾಟಲಿ ತಂದು, ಕುದಿಸಿ ತೊಳೆದು, ಹಾಲೆಂಡಿನ ಸೌತೆಕಾಯಿಯನ್ನು ಅದಕ್ಕೆ ತುಂಬಿ ಅಮ್ಮನಿಗೆ ಕೊಡ್ತಾನೆ. ಅಮ್ಮ ಖುಷಿಯಿಂದ ತಿಂತಾಳೆ.

'ಗುಡ್ ಬೈ, ಲೆನಿನ್!' ಅನ್ನೋ ಜರ್ಮನ್ ಸಿನಿಮಾ ನೋಡಿದವರಿಗೆ ಇದು ಮರೆಯೋ ದೃಶ್ಯ ಅಲ್ಲ. ವುಲ್ಫ್‌ಗಾಂಗ್ ಬೆಕರ್ ನಿರ್ದೇಶನದ ಈ ಸಿನಿಮಾ 2003ರ ಫೆಬ್ರವರಿಯಲ್ಲಿ ಬಂತು. ಜರ್ಮನಿಯೊಂದರಲ್ಲೇ 60 ಲಕ್ಷಕ್ಕೂ ಹೆಚ್ಚು ಜನ ಥಿಯೇಟರಿಗೆ ಹೋಗಿ ನೋಡಿದರು. ಆ ವರ್ಷದ ಯುರೋಪಿನ ಅತ್ಯುತ್ತಮ ಚಿತ್ರ ಅಂತ ಯುರೋಪಿಯನ್ ಫಿಲ್ಮ್ ಅವಾರ್ಡ್ ಕೂಡ ಬಂತು. ನಾನು ಮೊದಲ ಸಲ ನೋಡಿದಾಗ ಹೊಟ್ಟೆ ತುಂಬ ನಕ್ಕಿದ್ದೆ. ಎರಡನೇ ಸಲ ನೋಡಿದ್ದು ನಮ್ಮಮ್ಮನಿಗೆ ಹಾರ್ಟ್ ಆಪರೇಷನ್ ಆದ ವರ್ಷ. ಆಗ ಅಷ್ಟು ನಗು ಬರಲಿಲ್ಲ. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಈ ತಾಯಿ ಮಗನ ಕಥೆ, ಅದರ ಹಿಂದಿನ ಇತಿಹಾಸ.

ಪೂರ್ವ ಜರ್ಮನಿ ಅಂತ ಒಂದು ದೇಶ ಇತ್ತು. 1949ರ ಅಕ್ಟೋಬರ್ 7ಕ್ಕೆ ಹುಟ್ಟಿ 1990ರ ಅಕ್ಟೋಬರ್ 3ಕ್ಕೆ ಇಲ್ಲವಾಯ್ತು. ಸರಿಯಾಗಿ ನಲವತ್ತೊಂದು ವರ್ಷವೂ ಬದುಕಲಿಲ್ಲ. ನಮ್ಮ ಕಡೆಯವರಿಗೆ ಆ ದೇಶದ ಪರಿಚಯ ಇದ್ದದ್ದು ಹೆಚ್ಚಾಗಿ 'ಓರ್ವೋ' ಅನ್ನೋ ಹೆಸರಿನಿಂದ. ಫೋಟೋ ಮತ್ತು ಸಿನಿಮಾ ಫಿಲ್ಮಿನ ಹೆಸರು ಅದು, ವುಲ್ಫೆನ್ ಅನ್ನೋ ಊರಿನ ಕಾರ್ಖಾನೆಯಲ್ಲಿ ತಯಾರಾಗ್ತಿತ್ತು. ಡಾಲರ್ ಕೊಟ್ಟು ಕೊಡಾಕ್ ತರಿಸೋದು ಕಷ್ಟ ಇದ್ದ ಕಾಲದಲ್ಲಿ, ರೂಪಾಯಿ ಲೆಕ್ಕದಲ್ಲೇ ವ್ಯಾಪಾರ ಮಾಡ್ತಿದ್ದ ಪೂರ್ವ ಜರ್ಮನಿಯಿಂದ ಈ ಫಿಲ್ಮು ಬರ್ತಿತ್ತು. 70ರ ದಶಕದ ಎಷ್ಟೋ ಭಾರತೀಯ ಸಿನಿಮಾಗಳು ಅದರಲ್ಲೇ ಚಿತ್ರೀಕರಣ ಆದವು. ನಮ್ಮ ಮನೆಗಳ ಹಳೇ ಟ್ರಂಕಿನಲ್ಲಿರೋ ಕಪ್ಪುಬಿಳುಪು ಫೋಟೋಗಳಲ್ಲಿ ಕೆಲವಾದರೂ ಆ ಇಲ್ಲದ ದೇಶದ ಫಿಲ್ಮಿನಲ್ಲಿ ಮೂಡಿದವು ಇರಬಹುದು.

ಸಿನಿಮಾದ ಕಥೆ ಶುರುವಾಗೋದು 1978ರ ಆಗಸ್ಟಿನಲ್ಲಿ. ಆಗಸ್ಟ್ 26ಕ್ಕೆ ಸಿಗ್ಮಂಡ್ ಯೇನ್ ಅನ್ನೋ ಪೂರ್ವ ಜರ್ಮನಿಯ ವಾಯುಪಡೆ ಅಧಿಕಾರಿ ಸೋವಿಯತ್ ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋದ. ಬಾಹ್ಯಾಕಾಶಕ್ಕೆ ಹೋದ ಮೊದಲ ಜರ್ಮನ್, ಅದೂ ಪೂರ್ವದವನು, ಪಶ್ಚಿಮದವನಲ್ಲ! ಪುಟ್ಟ ಹುಡುಗ ಅಲೆಕ್ಸ್ ಟೀವಿ ಮುಂದೆ ಕೂತು ಕಣ್ಣು ಮಿಟುಕಿಸದೆ ಅದನ್ನ ನೋಡ್ತಿದ್ದಾನೆ. ಅದೇ ಹೊತ್ತಿಗೆ ಮನೆಗೆ ರಹಸ್ಯ ಪೊಲೀಸಿನವರು ಬಂದು ಅವನ ಅಮ್ಮ ಕ್ರಿಸ್ಟಿಯಾನಳನ್ನ ವಿಚಾರಣೆ ಮಾಡ್ತಿದ್ದಾರೆ. ಡಾಕ್ಟರಾಗಿದ್ದ ಗಂಡ ಪಶ್ಚಿಮಕ್ಕೆ ಹೋದವನು ವಾಪಸ್ ಬಂದಿಲ್ಲ. ಅಲ್ಲೊಬ್ಬಳು ಹೆಂಗಸಿನ ಜೊತೆ ಇದ್ದಾನೆ ಅಂತ ಮಕ್ಕಳ ಕಿವಿಗೆ ಬೀಳುತ್ತೆ. ಕ್ರಿಸ್ಟಿಯಾನ ಮಾತು ಬಿಡ್ತಾಳೆ. ಮಾನಸಿಕ ಆಸ್ಪತ್ರೆಯಲ್ಲಿ ಎರಡು ತಿಂಗಳು ಇರ್ತಾಳೆ. ವಾಪಸ್ ಬಂದ ಮೇಲೆ ಬೇರೇನೇ ಹೆಂಗಸು. ಗಂಡನ ಬಟ್ಟೆ ಎಲ್ಲ ಕಟ್ಟಿ ಹೊರಗೆ ಹಾಕ್ತಾಳೆ. ಮಕ್ಕಳಿಗೆ ಹಾಡು ಕಲಿಸ್ತಾಳೆ, ಶಿಬಿರಕ್ಕೆ ಕರ್ಕೊಂಡು ಹೋಗ್ತಾಳೆ. ಮಗ ಹೇಳೋ ಪ್ರಕಾರ ಅಮ್ಮ ಆಮೇಲೆ ಮದುವೆ ಆಗಿದ್ದು ಸಮಾಜವಾದಿ ದೇಶವನ್ನೇ.

ಗಂಡ ಬಿಟ್ಟ ಹೆಂಗಸು ಇಬ್ಬರು ಮಕ್ಕಳನ್ನ ಕಟ್ಟಿಕೊಂಡು ಹೇಗೆ ಬದುಕಿದಳು ಅಂತ ಸಿನಿಮಾ ಎಲ್ಲೂ ಗೋಳಾಡೋದಿಲ್ಲ. ನಮ್ಮಲ್ಲಿ ಇದೇ ಕಥೆ ಆಗಿದ್ದರೆ ಹೊಲಿಗೆ ಯಂತ್ರ, ಸಾಲಗಾರ, ಬಂಧುಗಳ ಚುಚ್ಚುಮಾತು ಎಲ್ಲ ಇರಲೇಬೇಕಿತ್ತು. ಅಲ್ಲಿ ಯಾಕಿಲ್ಲ ಅನ್ನೋದಕ್ಕೆ ಚರಿತ್ರೆಯಲ್ಲಿ ಉತ್ತರ ಇದೆ.

ಯುದ್ಧದಲ್ಲಿ ಗಂಡಸರು ಸತ್ತು, ಉಳಿದವರಲ್ಲಿ ಲಕ್ಷಗಟ್ಟಲೆ ಜನ ಪಶ್ಚಿಮಕ್ಕೆ ಹೋಗಿ, ಪೂರ್ವ ಜರ್ಮನಿಗೆ ದುಡಿಯೋ ಕೈ ಕಮ್ಮಿ ಇತ್ತು. ಹೆಂಗಸರು ಕೆಲಸಕ್ಕೆ ಬರದಿದ್ದರೆ ಕಾರ್ಖಾನೆ ನಡೆಯೋ ಹಾಗಿರಲಿಲ್ಲ. ಸಮಾನತೆಯ ಆದರ್ಶವೂ ಇತ್ತು, ಗರಜೂ ಇತ್ತು. 1950ರಲ್ಲೇ ತಾಯಿ ಮತ್ತು ಮಗುವಿನ ರಕ್ಷಣೆಗೆ ಕಾನೂನು ಮಾಡಿದರು. ಮದುವೆಯಾಗದ ತಾಯಿಗೂ ಅವಳ ಮಗುವಿಗೂ ಕಾನೂನಿನಲ್ಲಿ ಕಳಂಕ ಇರಬಾರದು ಅಂದರು. 1972ರಲ್ಲಿ ಮೊದಲ ಹನ್ನೆರಡು ವಾರದೊಳಗೆ ಗರ್ಭಪಾತದ ನಿರ್ಧಾರ ಹೆಂಗಸಿಗೇ ಬಿಟ್ಟ ಕಾನೂನು ಬಂತು. ಎಲ್ಲದಕ್ಕೂ ಒಟ್ಟಿಗೆ ಕೈ ಎತ್ತುತ್ತಿದ್ದ ಅಲ್ಲಿನ ಸಂಸತ್ತಿನಲ್ಲಿ ಮೊದಲ ಬಾರಿ ವಿರೋಧದ ಮತ ಬಿದ್ದಿದ್ದು ಈ ಕಾನೂನಿಗೇ. 1976ರಲ್ಲಿ ಎರಡನೇ ಮಗುವಿಗೆ, 1986ರಲ್ಲಿ ಮೊದಲ ಮಗುವಿಗೂ, ಭತ್ಯೆಯ ಜೊತೆ ಒಂದು ವರ್ಷದ ರಜೆ ಬಂತು. ಜನ ಅದನ್ನ 'ಬೇಬಿ ವರ್ಷ' ಅಂತಿದ್ದರು. 1989ರ ಹೊತ್ತಿಗೆ ಮೂರು ವರ್ಷದೊಳಗಿನ ಮಕ್ಕಳಲ್ಲಿ ಹತ್ತಕ್ಕೆ ಎಂಟು ಮಕ್ಕಳಿಗೆ ಶಿಶುವಿಹಾರದಲ್ಲಿ ಜಾಗ ಇತ್ತು. ಆ ವರ್ಷ ಹುಟ್ಟಿದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಮದುವೆಯಾಗದ ತಾಯಂದಿರಿಗೆ ಹುಟ್ಟಿದವು. ಪಶ್ಚಿಮ ಜರ್ಮನಿಯಲ್ಲಿ ಅದು ಹತ್ತಕ್ಕೆ ಒಂದರಷ್ಟು ಮಾತ್ರ.

ಇದನ್ನ ಓದಿ 'ಆಹಾ ಸ್ವರ್ಗ' ಅಂದುಕೊಳ್ಳಬೇಡಿ. ಸಂಜೆ ಕ್ಯೂನಲ್ಲಿ ನಿಂತು ತರಕಾರಿ ತರೋಳು, ಅಡಿಗೆ ಮಾಡೋಳು, ಬಟ್ಟೆ ಒಗೆಯೋಳು ಅವಳೇ. ಸರಕಾರ ಮನೆಗೆಲಸಕ್ಕೆ ಅಂತ ತಿಂಗಳಿಗೊಂದು ದಿನ ಸಂಬಳ ಸಹಿತ ರಜೆ ಕೊಡ್ತಿತ್ತು. ಬಹುತೇಕ ಹೆಂಗಸರಿಗೇ! ಮನೆಗೆಲಸ ಯಾರದ್ದು ಅಂತ ಸರಕಾರಕ್ಕೆ ಸಂಶಯವೇ ಇರಲಿಲ್ಲ ನೋಡಿ. ದೇಶ ಆಳುತ್ತಿದ್ದ ಪಾಲಿಟ್‌ಬ್ಯೂರೋದಲ್ಲಿ ಮತದ ಹಕ್ಕಿರೋ ಪೂರ್ಣ ಸದಸ್ಯಳಾಗಿ ನಲವತ್ತು ವರ್ಷದಲ್ಲಿ ಒಬ್ಬ ಹೆಂಗಸೂ ಕೂರಲಿಲ್ಲ. ಆದರೂ ಒಂಟಿ ತಾಯಿ ಅಂದರೆ ಅಲ್ಲಿ ಅಯ್ಯೋ ಪಾಪ ಅನ್ನೋ ವಸ್ತು ಆಗಿರಲಿಲ್ಲ. 1973ರಲ್ಲಿ ಅಲ್ಲಿ ಬಂದ 'ಪೌಲ್ ಮತ್ತು ಪೌಲಾರ ಕಥೆ' ಅನ್ನೋ ಸಿನಿಮಾದ ನಾಯಕಿ ಇಬ್ಬರು ಮಕ್ಕಳ ಒಂಟಿ ತಾಯಿ. ಆ ದೇಶದ ಅತಿ ಜನಪ್ರಿಯ ಸಿನಿಮಾಗಳಲ್ಲಿ ಅದೂ ಒಂದು.

ಕ್ರಿಸ್ಟಿಯಾನ ನಿಷ್ಠಾವಂತೆ, ಆದರೆ ತಲೆಯಾಡಿಸೋ ಬೊಂಬೆ ಅಲ್ಲ. ಅವಳ ಒಂದು ಹವ್ಯಾಸ ನನಗೆ ಭಾಳ ಇಷ್ಟ: ಅಕ್ಕಪಕ್ಕದವರ ಪರವಾಗಿ ದೂರಿನ ಪತ್ರ ಬರೆಯೋದು. ಅಂಗಡಿಗೆ ಬರೋ ಹೆಂಗಸರ ಉಡುಪಿನ ಅಳತೆ ಯಾವ ಮನುಷ್ಯರ ಮೈಗೂ ಹೊಂದೋದಿಲ್ಲ ಅಂತ, ಅತಿ ವಿನಯದ ಭಾಷೆಯಲ್ಲಿ ತಿವಿಯೋ ಪತ್ರ. ಇದು ಸಿನಿಮಾದವರ ಕಲ್ಪನೆ ಅಲ್ಲ. ಪೂರ್ವ ಜರ್ಮನಿಯಲ್ಲಿ ಯಾವುದೇ ನಾಗರಿಕ ಸರಕಾರಕ್ಕೆ, ಕಾರ್ಖಾನೆಗೆ, ನೇರ ಅಧ್ಯಕ್ಷರಿಗೇ ಅಹವಾಲು ಬರೆಯೋ ಹಕ್ಕು ಸಂವಿಧಾನದಲ್ಲೇ ಇತ್ತು. ನಾಲ್ಕು ವಾರದೊಳಗೆ ಉತ್ತರ ಕೊಡಬೇಕು ಅಂತ 1975ರ ಕಾನೂನು ಹೇಳ್ತಿತ್ತು. ಸೋರೋ ಸೂರು, ಸಿಗದ ಬಿಡಿಭಾಗ, ಹತ್ತು ವರ್ಷ ಕಳೆದರೂ ಬಾರದ ಟ್ರಬಾಂಟ್ ಕಾರು, ಎಲ್ಲದರ ಬಗ್ಗೆ ಜನ ಬರೆದರು. ಪತ್ರಿಕೆಯಲ್ಲಿ ಬರೆಯೋ ಹಾಗಿಲ್ಲ, ಬೀದಿಗೆ ಇಳಿಯೋ ಹಾಗಿಲ್ಲ, ಚುನಾವಣೆಯಲ್ಲಿ ಆಯ್ಕೆಯೇ ಇಲ್ಲ. ಉಳಿದಿದ್ದು ಈ ಅರ್ಜಿ ಒಂದೇ. ನಮ್ಮ ಊರಲ್ಲಿ ಅರ್ಜಿ ಬರೆದುಕೊಡೋ ಮೇಷ್ಟ್ರು ಇರ್ತಿದ್ದರಲ್ಲ, ಕ್ರಿಸ್ಟಿಯಾನ ಅಂಥವಳು.

1989ರ ಅಕ್ಟೋಬರ್ 7. ದೇಶಕ್ಕೆ ನಲವತ್ತು ತುಂಬಿದ ಹಬ್ಬ. ಗೋರ್ಬಚೇವ್ ಅತಿಥಿ. ಹಬ್ಬದ ಸಮಾರಂಭಕ್ಕೆ ಕ್ರಿಸ್ಟಿಯಾನಳಿಗೂ ಆಹ್ವಾನ ಬಂದಿದೆ. ಹೊರಗೆ ಬೀದಿಯಲ್ಲಿ ಜನ ಸ್ವಾತಂತ್ರ್ಯ ಕೇಳಿ ಮೆರವಣಿಗೆ ಹೊರಟಿದ್ದಾರೆ, ಪೊಲೀಸರು ಬಡೀತಿದ್ದಾರೆ. ಆ ರಾತ್ರಿ ಬರ್ಲಿನ್ನಿನಲ್ಲಿ ನಿಜವಾಗಿಯೂ ನೂರಾರು ಜನರ ಬಂಧನ ಆಯ್ತು. ಸಿನಿಮಾದಲ್ಲಿ ಅಮ್ಮ ಹೋಗೋ ದಾರಿಯಲ್ಲಿ ಆ ಗಲಾಟೆ ನೋಡ್ತಾಳೆ. ಪೊಲೀಸರು ಎಳೆದುಕೊಂಡು ಹೋಗ್ತಿರೋದು ಅವಳ ಮಗನನ್ನೇ. ಅಲ್ಲೇ ಕುಸಿದು ಬೀಳ್ತಾಳೆ. ಹೃದಯಾಘಾತ, ಆಮೇಲೆ ಎಂಟು ತಿಂಗಳು ಕೋಮಾ.

ಆ ಎಂಟು ತಿಂಗಳಲ್ಲಿ ಏನೇನಾಯ್ತು ನೋಡಿ. ಅಕ್ಟೋಬರ್ 18ಕ್ಕೆ ಹೊನೆಕರ್ ಅಧಿಕಾರ ಬಿಟ್ಟ. ನವೆಂಬರ್ 9ರ ಸಂಜೆ ಶಬೋವ್ಸ್ಕಿ ಅನ್ನೋ ನಾಯಕ ಪತ್ರಿಕಾಗೋಷ್ಠಿಯಲ್ಲಿ, ಕೈಲಿದ್ದ ಚೀಟಿ ಸರಿಯಾಗಿ ಓದಿಕೊಳ್ಳದೆ, ಪ್ರಯಾಣದ ಹೊಸ ನಿಯಮ ಈ ಕ್ಷಣದಿಂದಲೇ ಜಾರಿ ಅನ್ನೋ ಅರ್ಥದಲ್ಲಿ ಹೇಳಿಬಿಟ್ಟ. ಟೀವಿ ನೋಡಿದ ಜನ ಗೋಡೆ ಹತ್ರ ಓಡಿದರು. ಕಾವಲಿನವರಿಗೆ ಏನು ಮಾಡಬೇಕೋ ತಿಳಿಯದೆ ಗೇಟು ತೆಗೆದರು. 28 ವರ್ಷದ ಗೋಡೆ ಒಂದು ತಪ್ಪು ಮಾತಿನಿಂದ ತೆರೆದುಕೊಳ್ತು. 1990ರ ಮಾರ್ಚ್ 18ಕ್ಕೆ ಮೊದಲ ಮತ್ತು ಕೊನೆಯ ಮುಕ್ತ ಚುನಾವಣೆ ಆಯ್ತು, ಬೇಗ ಒಂದಾಗೋಣ ಅಂದ ಪಕ್ಷಗಳು ಗೆದ್ದವು. ಕ್ರಿಸ್ಟಿಯಾನ ಇದ್ಯಾವುದೂ ಗೊತ್ತಿಲ್ಲದೆ ಮಲಗಿದ್ದಾಳೆ. ಅವಳ ಮಗಳು ಕಾಲೇಜು ಬಿಟ್ಟು ಬರ್ಗರ್ ಅಂಗಡಿ ಸೇರಿದ್ದಾಳೆ. ಮಗನ ಟೀವಿ ರಿಪೇರಿ ಅಂಗಡಿ ಮುಚ್ಚಿ, ಅವನೀಗ ಮನೆಮನೆಗೆ ಡಿಶ್ ಆಂಟೆನಾ ಮಾರ್ತಾನೆ.

ಜೂನಿನಲ್ಲಿ ಅಮ್ಮ ಕಣ್ಣು ಬಿಟ್ಟಳು. ಡಾಕ್ಟರು ಹೇಳಿದ್ದು ಒಂದೇ ಮಾತು: ಸ್ವಲ್ಪವೂ ಆಘಾತ ಆಗಬಾರದು. ಈಗ ಅಲೆಕ್ಸ್ ಏನು ಹೇಳಬೇಕು? ಅಮ್ಮ, ನೀನು ಪ್ರೀತಿಸಿದ ದೇಶ ಮುಳುಗ್ತಾ ಇದೆ ಅನ್ನಬೇಕಾ? ಅವನು 79 ಚದರ ಮೀಟರಿನ ಆ ಫ್ಲಾಟಿನಲ್ಲಿ ದೇಶವನ್ನ ಮತ್ತೆ ಕಟ್ಟೋಕೆ ಹೊರಡ್ತಾನೆ. ಎಸೆದಿದ್ದ ಹಳೇ ಪೀಠೋಪಕರಣ ವಾಪಸ್ ಬರುತ್ತೆ. ಹಳೇ ಬಟ್ಟೆ ಹಾಕ್ಕೊಂಡೇ ಎಲ್ಲರೂ ಅಮ್ಮನ ಕೋಣೆಗೆ ಬರಬೇಕು. ಬಾಲಸಂಘದ ಹುಡುಗರಿಗೆ ದುಡ್ಡು ಕೊಟ್ಟು ಹಾಡು ಹೇಳಿಸ್ತಾನೆ. ಇನ್ನು ಕಾಫಿಪುಡಿ, ಉಪ್ಪಿನಕಾಯಿ. ಅದಕ್ಕೇ ಆ ಕಸದ ತೊಟ್ಟಿ.

ಉಪ್ಪಿನಕಾಯಿ ಯಾಕೆ ಮಾಯ ಆಯ್ತು? ನಗು ಬರೋ ಈ ದೃಶ್ಯದ ಹಿಂದೆ ದೊಡ್ಡ ಅರ್ಥಶಾಸ್ತ್ರ ಇದೆ. 1990ರ ಜುಲೈ 1ಕ್ಕೆ ಪಶ್ಚಿಮದ ಮಾರ್ಕ್ ಪೂರ್ವದ ಹಣವೂ ಆಯ್ತು. ಸಂಬಳ, ಪಿಂಚಣಿ ಒಂದಕ್ಕೆ ಒಂದರಂತೆ ಬದಲಾದವು. ಪೂರ್ವದ ಕಾರ್ಖಾನೆಗಳು ಹಳೇ ಯಂತ್ರದಲ್ಲಿ ಮಾಡಿದ ಸರಕಿಗೆ ರಾತ್ರೋರಾತ್ರಿ ಪಶ್ಚಿಮದ ಬೆಲೆ ಬಂತು. ಅಂಗಡಿಯವರು ಶೆಲ್ಫು ಖಾಲಿ ಮಾಡಿ ಹೊಳೆಯೋ ಪೊಟ್ಟಣಗಳನ್ನ ಜೋಡಿಸಿದರು. ಜನರೂ ಅದನ್ನೇ ಕೊಂಡರು, ತಪ್ಪೇನು, ನಲವತ್ತು ವರ್ಷ ಕಾದಿದ್ದರಲ್ಲ. ಆದರೆ ಉಪ್ಪಿನಕಾಯಿ ಹಾಕುತ್ತಿದ್ದ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದೋರೂ ಅದೇ ಜನ. ಸಾವಿರಾರು ಸರಕಾರಿ ಕಾರ್ಖಾನೆಗಳು ಟ್ರಾಯ್‌ಹಾಂಡ್ ಅನ್ನೋ ಸಂಸ್ಥೆಯ ಕೈಗೆ ಬಂದವು. ಬಹಳಷ್ಟನ್ನ ಮಾರಿದರು, ಎಷ್ಟೋ ಕಾರ್ಖಾನೆಗಳನ್ನ ಮುಚ್ಚಿದರು.

ಉಳಿತಾಯದ ಹಣಕ್ಕೆ ಬೇರೆ ಲೆಕ್ಕ ಇತ್ತು. ದೊಡ್ಡವರಿಗೆ ತಲಾ 4,000 ಮಾರ್ಕಿನವರೆಗೆ ಒಂದಕ್ಕೊಂದು, ಅರವತ್ತು ದಾಟಿದವರಿಗೆ 6,000, ಮಕ್ಕಳಿಗೆ 2,000. ಅದರ ಮೇಲಿದ್ದದ್ದಕ್ಕೆ ಎರಡಕ್ಕೆ ಒಂದು. ಕ್ರಿಸ್ಟಿಯಾನ ಸುಮಾರು 30,000 ಮಾರ್ಕು ಕೂಡಿಟ್ಟಿದ್ದಳು. ಬ್ಯಾಂಕಿಗೆ ಕೊಟ್ಟಿದ್ದರೆ 17,000 ಪಶ್ಚಿಮದ ಮಾರ್ಕು ಸಿಗ್ತಿತ್ತು. ಎಲ್ಲಿಟ್ಟಿದ್ದೆ ಅಂತ ಅವಳಿಗೆ ನೆನಪಿಲ್ಲ. ನೆನಪಾಗೋ ಹೊತ್ತಿಗೆ ಆ ಬೀರು ಬೀದಿಗೆ ಬಿದ್ದಿತ್ತು. ಹಣ ಸಿಕ್ಕಿ ಬ್ಯಾಂಕಿಗೆ ಓಡಿದಾಗ ಗಡುವು ಮುಗಿದು ಎರಡು ದಿನ ಆಗಿತ್ತು. ಅಲೆಕ್ಸ್ ಛಾವಣಿ ಮೇಲೆ ನಿಂತು ಆ ನೋಟುಗಳನ್ನ ಗಾಳಿಗೆ ತೂರ್ತಾನೆ. 2016ರ ನವೆಂಬರ್ 8ರ ರಾತ್ರಿಯ ನಂತರ, ಅಕ್ಕಿ ಡಬ್ಬದಲ್ಲಿ, ಸೀರೆ ಮಡಿಕೆಯಲ್ಲಿ ಅಮ್ಮಂದಿರು ಇಟ್ಟ ನೋಟು ಹೊರಬಂದದ್ದನ್ನ ನೋಡಿದ ನಮಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಕೆಲವರ ಮನೆಯಲ್ಲಿ ಅದು ಕೂಡ ಗಡುವು ಮುಗಿದ ಮೇಲೇ ಸಿಕ್ಕಿತು.

ಅಮ್ಮ ಟೀವಿ ಕೇಳ್ತಾಳೆ. ಈಗ ದೊಡ್ಡ ಸಮಸ್ಯೆ. ಅಲೆಕ್ಸನ ಗೆಳೆಯ ಡೆನಿಸ್‌ಗೆ ಸಿನಿಮಾ ಮಾಡೋ ಹುಚ್ಚು. ಇಬ್ಬರೂ ಸೇರಿ ಸರಕಾರಿ ವಾರ್ತೆಯ ಹಳೇ ತುಣುಕುಗಳನ್ನ ಕತ್ತರಿಸಿ ಅಂಟಿಸಿ ಸುಳ್ಳು ವಾರ್ತೆ ತಯಾರಿಸ್ತಾರೆ. ಎದುರು ಕಟ್ಟಡಕ್ಕೆ ಕೋಕಾ ಕೋಲಾ ಬ್ಯಾನರ್ ಬಂತಾ? ಕೋಕಾ ಕೋಲಾ ಕಂಡುಹಿಡಿದಿದ್ದು ಪೂರ್ವ ಜರ್ಮನಿಯೇ ಅಂತ ವಾರ್ತೆ. ಬೀದಿ ತುಂಬ ಪಶ್ಚಿಮದ ಕಾರು, ಜನ ಕಂಡರಾ? ಬಂಡವಾಳಶಾಹಿಯಿಂದ ಬೇಸತ್ತು ಪಶ್ಚಿಮದವರೇ ನಮ್ಮಲ್ಲಿ ಆಶ್ರಯ ಕೇಳಿ ಬರ್ತಿದ್ದಾರೆ ಅಂತ ವಾರ್ತೆ. ತಮಾಷೆ ಏನಂದ್ರೆ, ಇದನ್ನ ನಂಬೋಕೆ ಅಮ್ಮನಿಗೆ ಕಷ್ಟ ಆಗೋದಿಲ್ಲ. ನಿಜವಾದ ಸರಕಾರಿ ವಾರ್ತೆ ನಲವತ್ತು ವರ್ಷ ಹೇಳಿದ್ದೂ ಇದೇ ಧಾಟಿಯಲ್ಲಿ ಅಲ್ಲವಾ? ಯೋಜನೆಯ ಗುರಿ ಮೀರಿದ ಉತ್ಪಾದನೆ, ನಗುಮುಖದ ಕಾರ್ಮಿಕರು. ಜನ ಮಾತ್ರ ರಾತ್ರಿ ಪರದೆ ಎಳೆದು ಪಶ್ಚಿಮದ ಚಾನೆಲ್ ನೋಡ್ತಿದ್ದರು.

ಹೋಗ್ತಾ ಹೋಗ್ತಾ ಅಲೆಕ್ಸನ ಸುಳ್ಳು ಬದಲಾಗುತ್ತೆ. ನಾನು ಅಮ್ಮನಿಗಾಗಿ ಕಟ್ಟುತ್ತಿರೋ ದೇಶ ನಾನು ಬಯಸಿದ ದೇಶ ಆಗ್ತಾ ಇದೆ ಅಂತ ಅವನಿಗೇ ಅನಿಸುತ್ತೆ. ಕೊನೆಯ ಸುಳ್ಳು ವಾರ್ತೆಯಲ್ಲಿ ಅವನ ಬಾಲ್ಯದ ಹೀರೋ ಸಿಗ್ಮಂಡ್ ಯೇನ್ ದೇಶದ ಅಧ್ಯಕ್ಷ ಆಗಿದ್ದಾನೆ. ಸಮಾಜವಾದ ಅಂದ್ರೆ ಗೋಡೆ ಕಟ್ಟಿಕೊಂಡು ಕೂರೋದಲ್ಲ ಅಂತ ಹೇಳಿ ಅವನೇ ಗಡಿ ತೆರೀತಾನೆ. ಯೇನ್ ಪಾತ್ರ ಮಾಡಿದ್ದು ಅವನನ್ನೇ ಹೋಲೋ ಒಬ್ಬ ಟ್ಯಾಕ್ಸಿ ಡ್ರೈವರ್. ನಿಜವಾದ ಯೇನ್ ಟ್ಯಾಕ್ಸಿ ಓಡಿಸಲಿಲ್ಲ ಬಿಡಿ. ದೇಶ ಹೋದರೂ ಅವನ ವಿದ್ಯೆ ಹೋಗಲಿಲ್ಲ, ಯುರೋಪಿನ ಬಾಹ್ಯಾಕಾಶ ಸಂಸ್ಥೆಗೆ ಸಲಹೆಗಾರನಾಗಿ ದುಡಿದು 2019ರಲ್ಲಿ ತೀರಿಕೊಂಡ.

ಅಲೆಕ್ಸನ ಈ ಕನಸು ಒಬ್ಬನದ್ದಲ್ಲ. ಗೋಡೆ ಬೀಳೋಕೆ ಐದು ದಿನ ಮುಂಚೆ, 1989ರ ನವೆಂಬರ್ 4ಕ್ಕೆ, ಬರ್ಲಿನ್ನಿನ ಅಲೆಕ್ಸಾಂಡರ್ ಚೌಕದಲ್ಲಿ ಲಕ್ಷಾಂತರ ಜನ ಸೇರಿದ್ದರು. ಲೇಖಕಿ ಕ್ರಿಸ್ಟಾ ವುಲ್ಫ್, ಲೇಖಕ ಸ್ಟೆಫಾನ್ ಹೈಮ್ ಮಾತಾಡಿದರು. ಅಲ್ಲಿ ಕೇಳಿದ್ದು ಪಶ್ಚಿಮದ ಜೊತೆ ಸೇರೋದನ್ನಲ್ಲ, ತಮ್ಮ ದೇಶವನ್ನೇ ಮನುಷ್ಯರು ಬದುಕೋ ಹಾಗೆ ಮಾಡೋದನ್ನ. ಅದೇ ತಿಂಗಳ ಕೊನೆಗೆ 'ನಮ್ಮ ದೇಶಕ್ಕಾಗಿ' ಅನ್ನೋ ಮನವಿ ಹೊರಟಿತು. ನಾಲ್ಕು ತಿಂಗಳಾದ ಮೇಲೆ ಚುನಾವಣೆಯಲ್ಲಿ, ಮೊದಲು ಬೀದಿಗಿಳಿದ ಹೋರಾಟಗಾರರ ಒಕ್ಕೂಟಕ್ಕೆ ಸಿಕ್ಕಿದ್ದು ನೂರಕ್ಕೆ ಮೂರು ಮತವೂ ಅಲ್ಲ. ಗೆದ್ದವರ ಚರಿತ್ರೆ ಪುಸ್ತಕದಲ್ಲಿ ಆ ದಾರಿ ಅಡಿಟಿಪ್ಪಣಿ ಆಗಿ ಉಳೀತು. ಅದು ನಡೆಯಬಹುದಾಗಿದ್ದ ದಾರಿನಾ? ನನಗೆ ಅನುಮಾನ. ಖಜಾನೆ ಖಾಲಿ ಇತ್ತು, ಜನ ಕಾದು ಸುಸ್ತಾಗಿದ್ದರು. ಆದರೆ ಬಯಸಿದವರು ಇದ್ದರು ಅನ್ನೋದೂ ಚರಿತ್ರೆಯೇ. ಇತಿಹಾಸದಲ್ಲಿ ಸೋತ ಆ ಆಸೆಗೆ ಒಂದು ಮಲಗೋ ಕೋಣೆಯಲ್ಲಿ, ಒಬ್ಬ ರೋಗಿಯ ಮುಂದೆ, ಹತ್ತು ನಿಮಿಷದ ಜೀವ ಬಂತು.

ಲೆನಿನ್ ಪ್ರತಿಮೆಯ ವಿಷಯಕ್ಕೆ ಬರ್ತೀನಿ. ಒಂದು ದಿನ ಮಗ ನಿದ್ದೆ ಹೋದಾಗ ಅಮ್ಮ ಮೆಲ್ಲಗೆ ಎದ್ದು ಬೀದಿಗೆ ಬರ್ತಾಳೆ. ಮೇಲೆ ಹೆಲಿಕಾಪ್ಟರಿಗೆ ಕಟ್ಟಿದ ಅರ್ಧ ಲೆನಿನ್ ತೇಲಿ ಬರ್ತಾನೆ, ಕೈ ಚಾಚಿ, ಅವಳನ್ನೇ ಕರೆಯೋ ಹಾಗೆ. ಇಡೀ ಸಿನಿಮಾದಲ್ಲಿ ಅಷ್ಟು ಚೆಂದದ ಸುಳ್ಳು ಇನ್ನೊಂದಿಲ್ಲ. ನಿಜದಲ್ಲಿ ಬರ್ಲಿನ್ನಿನ ಲೆನಿನ್ ಚೌಕದಲ್ಲಿ 1970ರಲ್ಲಿ ನಿಲ್ಲಿಸಿದ 19 ಮೀಟರ್ ಎತ್ತರದ ಕೆಂಪು ಗ್ರಾನೈಟ್ ಪ್ರತಿಮೆ ಇತ್ತು. ಅದನ್ನ ತೆಗೆಯೋಕೆ ಶುರು ಮಾಡಿದ್ದು 1991ರ ನವೆಂಬರಿನಲ್ಲಿ, ಅಂದರೆ ಸಿನಿಮಾದ ಕಥೆ ಮುಗಿದು ಒಂದು ವರ್ಷ ಆದ ಮೇಲೆ. ಹಾರಿಸಿಕೊಂಡು ಹೋಗಲೂ ಇಲ್ಲ. ನೂರಕ್ಕೂ ಹೆಚ್ಚು ತುಂಡು ಮಾಡಿ, ಊರ ಹೊರಗಿನ ಕಾಡಿನಲ್ಲಿ ಮರಳಿನಡಿ ಹೂತರು. 2015ರಲ್ಲಿ ತಲೆಯನ್ನ ಮಾತ್ರ ಅಗೆದು ತೆಗೆದರು. ಅದೀಗ ಷ್ಪಾಂಡೌ ಕೋಟೆಯ ಮ್ಯೂಸಿಯಮ್ಮಿನಲ್ಲಿ, ಒಂದು ಕಿವಿ ಮೇಲೆ ಮಾಡಿಕೊಂಡು ಮಲಗಿದೆ.

ಸಿನಿಮಾದ ನಿಜವಾದ ತಿರುವು ಇರೋದು ಲೆನಿನ್‌ನಲ್ಲಿ ಅಲ್ಲ, ಅಮ್ಮನಲ್ಲಿ. ಊರ ಹೊರಗಿನ ತೋಟದ ಮನೆಯಲ್ಲಿ ಎಲ್ಲರೂ ಕೂತಿರುವಾಗ ಕ್ರಿಸ್ಟಿಯಾನ ತಾನೇ ಬಾಯಿ ಬಿಡ್ತಾಳೆ. ನಿಮ್ಮಪ್ಪ ಇನ್ನೊಬ್ಬಳಿಗೋಸ್ಕರ ಹೋದದ್ದಲ್ಲ. ಪಕ್ಷದ ಸದಸ್ಯ ಆಗಲಿಲ್ಲ ಅಂತ ಆಸ್ಪತ್ರೆಯಲ್ಲಿ ಅವನ ಬದುಕು ನರಕ ಮಾಡಿದ್ದರು. ಅವನು ಮೊದಲು ಹೋಗೋದು, ನಾವು ಹಿಂದೆ ಹೋಗೋದು ಅಂತ ಮಾತಾಗಿತ್ತು. ನನಗೆ ಧೈರ್ಯ ಬರಲಿಲ್ಲ. ಅವನು ಬರೆದ ಕಾಗದಗಳನ್ನ ಅಡಿಗೆ ಮನೆ ಬೀರುವಿನ ಹಿಂದೆ ಬಚ್ಚಿಟ್ಟೆ.

ಮಗ ಅಮ್ಮನಿಗೆ ಹೇಳಿದ ಸುಳ್ಳು ನಾಲ್ಕು ತಿಂಗಳದ್ದು. ಅಮ್ಮ ಮಕ್ಕಳಿಗೆ ಹೇಳಿದ್ದು ಹನ್ನೆರಡು ವರ್ಷದ್ದು!

ಅವಳ ಭಯ ಏನಿತ್ತು? ದೇಶ ಬಿಡೋಕೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಿಸ್ತಾರೆ, ಮಕ್ಕಳನ್ನ ಕಿತ್ತುಕೊಳ್ತಾರೆ ಅಂತ. ಭಯಕ್ಕೆ ಆಧಾರ ಇತ್ತು. ಅನುಮತಿ ಇಲ್ಲದೆ ಗಡಿ ದಾಟೋದು ಜೈಲಿಗೆ ಹೋಗೋ ಅಪರಾಧ. ಅರ್ಜಿ ಹಾಕಿದವರ ಕೆಲಸ ಹೋಗ್ತಿತ್ತು, ಮಕ್ಕಳ ಓದಿಗೆ ಅಡ್ಡಿ ಬರ್ತಿತ್ತು, ಹಿಂದೆ ಗೂಢಚಾರರು ಬೀಳ್ತಿದ್ದರು. ರಹಸ್ಯ ಪೊಲೀಸ್ ಇಲಾಖೆಯಲ್ಲಿ ಕೊನೆಗೆ 91,000 ಮಂದಿ ಪೂರ್ಣಾವಧಿ ನೌಕರರಿದ್ದರು, ಅವರ ಜೊತೆ ಅದಕ್ಕೂ ಹೆಚ್ಚು ಬೇನಾಮಿ ಸುದ್ದಿಗಾರರು. ಮಕ್ಕಳನ್ನ ಪೋಷಕರಿಂದ ಬೇರೆ ಮಾಡೋ ಅಧಿಕಾರ ಇದ್ದ ಬಾಲಕಲ್ಯಾಣ ವಿಭಾಗ ಶಿಕ್ಷಣ ಸಚಿವಾಲಯದ ಕೆಳಗಿತ್ತು. ಆ ಸಚಿವೆ ಯಾರು? 1963ರಿಂದ 1989ರವರೆಗೆ ಮಾರ್ಗೊಟ್ ಹೊನೆಕರ್, ದೇಶದ ಮುಖಂಡನ ಹೆಂಡತಿ. ಓಡಿಹೋಗೋಕೆ ಯತ್ನಿಸಿ ಸಿಕ್ಕಿಬಿದ್ದ ತಂದೆತಾಯಿಯರಿಂದ ಮಕ್ಕಳನ್ನ ತೆಗೆದು ಬೇರೆಯವರಿಗೆ ದತ್ತು ಕೊಟ್ಟ ಪ್ರಕರಣಗಳು ಆಮೇಲೆ ಬೆಳಕಿಗೆ ಬಂದವು. ಅಂಥವು ಎಷ್ಟು ಅಂತ ಇವತ್ತಿಗೂ ಜಗಳ ನಡೀತಿದೆ, ಕೆಲವು ತಾಯಂದಿರು ಇನ್ನೂ ಹುಡುಕ್ತಿದ್ದಾರೆ. ಒಂದು ಕೈಲಿ ಶಿಶುವಿಹಾರ, ಬೇಬಿ ವರ್ಷ ಕೊಟ್ಟ ಸರಕಾರ ಇನ್ನೊಂದು ಕೈಲಿ ಇದನ್ನೂ ಇಟ್ಟುಕೊಂಡಿತ್ತು. ತಾಯಿಗೆ ಎರಡೂ ಕೈ ಗೊತ್ತಿತ್ತು.

ಕ್ರಿಸ್ಟಿಯಾನ ಪಾತ್ರ ಮಾಡಿದ ಕಾತ್ರಿನ್ ಸಾಸ್ ಆ ದೇಶದಲ್ಲೇ ಹುಟ್ಟಿ ಬೆಳೆದ ನಟಿ. 1981ರಲ್ಲಿ ಪೂರ್ವ ಜರ್ಮನಿಯಲ್ಲಿ ತಯಾರಾದ 'ಒಂದು ವರ್ಷದ ಜಾಮೀನು' ಅನ್ನೋ ಅರ್ಥದ ಹೆಸರಿನ ಚಿತ್ರದಲ್ಲಿ ಆಕೆ ನೀನಾ ಕೆರ್ನ್ ಅನ್ನೋ ವಿಚ್ಛೇದಿತ ತಾಯಿ ಆಗಿದ್ದಳು. ನೀನಾ ಸರಿಯಾಗಿ ನೋಡಿಕೊಳ್ತಿಲ್ಲ ಅಂತ ಅವಳ ಮೂರು ಮಕ್ಕಳನ್ನ ಸರಕಾರ ಮಕ್ಕಳ ನಿಲಯಕ್ಕೆ ಹಾಕಿರುತ್ತೆ. ಅವಳು ವಾಪಸ್ ಪಡೆಯೋಕೆ ಒದ್ದಾಡ್ತಾಳೆ. ಆ ಪಾತ್ರಕ್ಕೆ 1982ರ ಬರ್ಲಿನ್ ಚಿತ್ರೋತ್ಸವದಲ್ಲಿ, ಅಂದರೆ ಗೋಡೆಯ ಆಚೆ ಪಶ್ಚಿಮ ಬರ್ಲಿನ್ನಿನಲ್ಲಿ, ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಇಪ್ಪತ್ತು ವರ್ಷದ ನಂತರ ಅದೇ ನಟಿ ಕ್ರಿಸ್ಟಿಯಾನ ಕೆರ್ನರ್ ಆಗಿ, ಮಕ್ಕಳನ್ನ ಕಿತ್ತುಕೊಳ್ತಾರೆ ಅನ್ನೋ ಭಯಕ್ಕೆ ಗಂಡನನ್ನೇ ಬಿಟ್ಟೆ ಅಂತ ಹೇಳ್ತಾಳೆ. ಕೆರ್ನ್ ಮತ್ತು ಕೆರ್ನರ್ ಹೆಸರು ಕೂಡಿದ್ದು ಬೇಕಂತ ಮಾಡಿದ್ದೋ ಏನೋ, ನನಗಂತೂ ಎರಡೂ ಒಂದೇ ಹೆಂಗಸಿನ ಕಥೆ ಅನಿಸುತ್ತೆ.

ಸಿನಿಮಾದಲ್ಲಿ ಕ್ರಿಸ್ಟಿಯಾನ ದೇಶ ಹೋದ ಮೂರು ದಿನಕ್ಕೆ ಸಾಯ್ತಾಳೆ. ಉಳಿದ ತಾಯಂದಿರು ಏನಾದರು? ಕಾರ್ಖಾನೆ ಮುಚ್ಚಿದಾಗ ಮೊದಲು ಮನೆಗೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಶಿಶುವಿಹಾರಗಳೂ ಬಾಗಿಲು ಹಾಕಿದವು. 1989ರಲ್ಲಿ ಪೂರ್ವದಲ್ಲಿ ಹುಟ್ಟಿದ ಮಕ್ಕಳು ಸುಮಾರು ಎರಡು ಲಕ್ಷ. 1994ರಲ್ಲಿ ಎಂಬತ್ತು ಸಾವಿರವೂ ಇಲ್ಲ. ಯುದ್ಧ ಇಲ್ಲ, ಬರ ಇಲ್ಲ, ಐದು ವರ್ಷದಲ್ಲಿ ಹುಟ್ಟು ಅರ್ಧಕ್ಕಿಂತ ಕೆಳಗೆ ಬಿತ್ತು. ಸ್ವಾತಂತ್ರ್ಯ ಸಿಕ್ಕ ಖುಷಿ ಎಷ್ಟು ನಿಜವೋ, ನಾಳೆ ಏನು ಅನ್ನೋ ಹೆದರಿಕೆಯೂ ಅಷ್ಟೇ ನಿಜ ಅಂತ ಈ ಒಂದು ಲೆಕ್ಕ ಹೇಳುತ್ತೆ. ಅಂದಹಾಗೆ ಷ್ಪ್ರೇವಾಲ್ಡಿನ ಉಪ್ಪಿನಕಾಯಿ ಸಾಯಲಿಲ್ಲ. 1999ರಲ್ಲಿ ಅದಕ್ಕೆ ಯುರೋಪಿನಲ್ಲಿ ನಮ್ಮ ಮೈಸೂರು ಮಲ್ಲಿಗೆಗೆ ಇರೋ ಥರದ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ಈಗ ಬೇಕಾದಷ್ಟು ಸಿಗುತ್ತೆ.

ನಮ್ಮಮ್ಮನ ಕಥೆ ಹೇಳ್ತೀನಿ ಅಂದಿದ್ದೆ.

ಅಮ್ಮನ ಆಪರೇಷನ್ನಿಗೆ ಹಣ ಸಾಲಲಿಲ್ಲ. ಊರಿನ ಮನೆ, ಹಿಂದಿನ ಹಿತ್ತಿಲು ಮಾರಿದೆವು. ಅಣ್ಣ ಮತ್ತು ನಾನು ರಿಜಿಸ್ಟ್ರಾರ್ ಕಚೇರಿಯಿಂದ ಬರೋವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬರೋ ಮುಂಚೆ ಅಣ್ಣ ಅಂದಿದ್ದು ಇಷ್ಟೇ: "ಅಮ್ಮಂಗೆ ಈಗ ಹೇಳೋದು ಬೇಡ ಮಾರಾಯ." ಅಮ್ಮ ದಿನಾ ಕೇಳೋಳು. ಬಾವಿಗೆ ನೀರು ಬಂತಾ? ಹಲಸಿನ ಮರ ಈ ವರ್ಷ ಕಾಯಿ ಬಿಟ್ಟಿದೆಯಾ? ಬಿಟ್ಟಿದೆ ಅಮ್ಮ, ತುಂಬ ಬಿಟ್ಟಿದೆ. ಜೂನ್ ತಿಂಗಳಲ್ಲಿ ನಾನು ಬೆಂಗಳೂರಿನ ಮಾರ್ಕೆಟ್ಟಿನಿಂದ ಹಲಸಿನ ಹಣ್ಣು ತಂದು, ಗೋಣಿಚೀಲದಲ್ಲಿ ಸುತ್ತಿ, ಊರಿಂದ ಬಸ್ಸಿಗೆ ಹಾಕಿ ಕಳಿಸಿದಾರೆ ಅಂದೆ. ಅಮ್ಮನ ಎದುರೇ ಕುಯ್ದು ಕೊಟ್ಟೆ. ಅಮ್ಮ ಎರಡು ತೊಳೆ ತಿಂದಳು. ಚೆನ್ನಾಗಿದೆ ಅಂದಳು.

ಮಾರನೇ ವರ್ಷ, ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ, ಧೈರ್ಯ ಮಾಡಿ ಮನೆ ಮಾರಿದ್ದು ಹೇಳಿದೆ. ಅಮ್ಮ ಬೀನ್ಸ್ ಮುರಿಯೋದು ನಿಲ್ಲಿಸಲಿಲ್ಲ.

"ಗೊತ್ತು ಕಣೋ," ಅಂದಳು. "ನಮ್ಮ ಮರದ್ದು ಕೈಯಿಂದ ಜಾರಿ ಹೋಗೋ ಮೆತ್ತನೆ ಹಣ್ಣು. ನೀನು ತಂದಿದ್ದು ಬಕ್ಕೆ."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?"

"ಅಷ್ಟು ದೂರದಿಂದ ಹೊತ್ಕೊಂಡು ಬಂದೋನ ಥರ ಬೆವತುಕೊಂಡು ನಿಂತಿದ್ದೆ. ಏನಂತ ಹೇಳೋದು?"

ಸಿನಿಮಾದ ಕೊನೆಯ ಸುಳ್ಳು ವಾರ್ತೆ ಓಡುವಾಗ ಕ್ರಿಸ್ಟಿಯಾನಳಿಗೆ ನಿಜ ಗೊತ್ತಾಗಿರುತ್ತೆ. ಅಲೆಕ್ಸನ ಗೆಳತಿ, ಆಸ್ಪತ್ರೆಯ ನರ್ಸ್ ಲಾರಾ ಅವಳಿಗೆ ಆಗಲೇ ಎಲ್ಲ ಹೇಳಿದ್ದಾಳೆ. ಅಲೆಕ್ಸನಿಗೆ ಮಾತ್ರ ಅದು ತಿಳಿಯದು. ಟೀವಿಯಲ್ಲಿ ಯೇನ್ ಭಾಷಣ ಮಾಡ್ತಿದ್ದಾನೆ, ಗಡಿ ತೆರೀತಿದೆ, ಜನ ಗೋಡೆ ಹತ್ತುತಿದ್ದಾರೆ. ಎಲ್ಲರೂ ಟೀವಿ ನೋಡ್ತಿದ್ದರೆ ಅವಳು ಟೀವಿ ನೋಡೋದಿಲ್ಲ, ಮಗನ ಮುಖ ನೋಡ್ತಾಳೆ. ಚೆನ್ನಾಗಿದೆ ಅಂತಾಳೆ. ಮೊದಲ ಸಲ ಸಿನಿಮಾ ನೋಡಿದಾಗ ನಾನೂ ಟೀವಿಯನ್ನೇ ನೋಡಿದ್ದೆ. ಅವಳ ಕಣ್ಣು ಎಲ್ಲಿತ್ತು ಅಂತ ಕಂಡಿದ್ದು ಎರಡನೇ ಸಲ.